ನಾಲಿಗೆಯಿಲ್ಲದವಳ ಹಂಡೆ

ಫೂ ಮೂಯಿ ಹಿಯಾಂಗ್ ದನದ ಮಾಂಸ ತಿನ್ನುವುದಿಲ್ಲ. ಮೂವತ್ತೊಂದು ವರ್ಷ ಅವಳು ದಿನಕ್ಕೊಂದು ಹಂಡೆ ದನದ ಮಾಂಸದ ಸಾರು ಕಾಯಿಸಿದ್ದಾಳೆ. ಅದರ ಒಂದು ಹನಿಯೂ ಅವಳ ತುಟಿ ದಾಟಿಲ್ಲ. ಜಲಾನ್ ಬೆಸಾರ್ ಬೀದಿಯ ಹಿಂಬದಿಯಲ್ಲಿ, ಒಂದೇ ಸೂರಿನಡಿ ಹಲವರು ಬಾಡಿಗೆಗೆ ಒಲೆ ಹೂಡಿರುವ ನಮ್ಮ ಕಾಫಿ ಅಂಗಡಿಯಲ್ಲಿ ಇದು ಗುಟ್ಟಾಗಿರಲಿಲ್ಲ. ಪಕ್ಕದಲ್ಲಿ ಮೀನಿನ ಗಂಜಿ ಮಾರುವವನಿಗೆ ಗೊತ್ತಿತ್ತು, ಲಾಟರಿ ಚೀಟಿಯ ಮುದುಕಿಗೆ ಗೊತ್ತಿತ್ತು, ಮೇಜು ಒರೆಸುವವರಿಗೆ ಗೊತ್ತಿತ್ತು. ಗೊತ್ತಿದ್ದವರೆಲ್ಲ ಸಾಲಿನಲ್ಲಿ ನಿಂತು ಅವಳ ಕೈಯ ನೂಡಲ್ಸ್ ತಿಂದು, ಬಾಯಿ ಒರೆಸಿಕೊಂಡು, ಮರುದಿನ ಮತ್ತೆ ಬರುತ್ತಿದ್ದರು. ಮೂವತ್ತೊಂದು ವರ್ಷ ಯಾರ ಗಂಟಲಲ್ಲೂ ಸಿಕ್ಕಿಕೊಳ್ಳದ ಸಂಗತಿ ಕಳೆದ ಏಪ್ರಿಲ್‌ನಲ್ಲಿ ಇದ್ದಕ್ಕಿದ್ದಂತೆ ಅಪರಾಧವಾಯಿತು. ಅದು ಹೇಗಾಯಿತು, ಯಾರು ಮಾಡಿದರು ಎಂಬುದನ್ನು ಯಾರಾದರೂ ಬರೆದಿಡಬೇಕು. ಏಕೆಂದರೆ ಇಂದು ಆ ಅಂಗಡಿಯ ಗೋಡೆಯ ಮೇಲೆ ಬಣ್ಣದ ಅಕ್ಷರಗಳಲ್ಲಿ ಅಚ್ಚಾಗಿರುವ ಫೂ ಕುಟುಂಬದ ಚರಿತ್ರೆಯಲ್ಲಿ ಅವಳ ಹೆಸರಿಲ್ಲ.

ನಾನು ಆ ಅಂಗಡಿಯ ಕಾಫಿ ಕೌಂಟರಿನವಳು. ಹೆಸರು ವೂನ್ ಲಿಯೆನ್. ನನ್ನ ಕಾಫಿ ಕೆಟಲಿಗೂ ಅವಳ ಹಂಡೆಗೂ ನಡುವೆ ಆರು ಹೆಜ್ಜೆ. ಇಪ್ಪತ್ತಾರು ವರ್ಷ ಆ ಆರು ಹೆಜ್ಜೆಯ ಈಚೆಗೆ ನಿಂತು ಅವಳನ್ನು ನೋಡಿದ್ದೇನೆ. ನಾನು ಹೇಳುವುದು ಕೇಳಿದ ಮಾತಲ್ಲ.

ಬೆಳಿಗ್ಗೆ ಆರೂವರೆಗೆ ಅವಳು ಹಂಡೆಯ ಮುಚ್ಚಳ ಎತ್ತುತ್ತಿದ್ದಳು. ಎದ್ದ ಹಬೆಗೆ ಮುಖವೊಡ್ಡಿ, ಕಣ್ಣು ಮುಚ್ಚಿ, ಎರಡು ಸಲ ನಿಧಾನವಾಗಿ ಉಸಿರೆಳೆದುಕೊಳ್ಳುತ್ತಿದ್ದಳು. ಎಲುಬಿನ ವಾಸನೆ ಮುಂದಾಗಿದ್ದರೆ ಇನ್ನೊಂದು ತುಂಡು ಶುಂಠಿ ಜಜ್ಜಿ ಹಾಕುವಳು. ಚಕ್ರಮೊಗ್ಗಿನ ಘಾಟು ಮುಂದಾಗಿದ್ದರೆ ಮಸಾಲೆಯ ಗಂಟನ್ನು ದಾರ ಹಿಡಿದು ಮೇಲೆಳೆಯುವಳು. ಮಾಂಸ ಬೆಂದಿದೆಯೇ ಎಂದು ಎಂದೂ ಚುಚ್ಚಿ ನೋಡಿದವಳಲ್ಲ. ಸೌಟಿನ ಬೆನ್ನಿನಿಂದ ಮೆಲ್ಲಗೆ ಒತ್ತುವಳು. ಅದು ತಿರುಗಿ ಒತ್ತುವ ಬಗೆಯಲ್ಲೇ ಅವಳಿಗೆ ತಿಳಿಯುತ್ತಿತ್ತು. ದಪ್ಪ ಅಕ್ಕಿ ನೂಡಲ್ಸ್ ಮೇಲೆ ಸುರಿಯುವ ಕಪ್ಪು ಮಂದ ಸಾರಿಗೆ ಗೆಣಸಿನ ಹಿಟ್ಟು ಕದಡಿ ಹಾಕಿದ ಮೇಲೆ, ಒಂದು ತೊಟ್ಟನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಬಿಡಿಸುವಳು. ಎಳೆಯೊಂದು ಹುಟ್ಟಿ, ಅಕ್ಕಿಕಾಳಿನಷ್ಟು ಉದ್ದ ಬಂದು ತುಂಡಾಗಬೇಕು. ಬರದಿದ್ದರೆ ಆ ದಿನ ಸಾಲಿನಲ್ಲಿ ಸಾಕ್ಷಾತ್ ಮಂತ್ರಿಯೇ ನಿಂತಿದ್ದರೂ ಕಾಯಬೇಕಾಗಿತ್ತು.

ಉಪ್ಪಿಗೆ ಮಾತ್ರ ವಾಸನೆಯಿಲ್ಲ, ಎಳೆಯೂ ಇಲ್ಲ. ಅದಕ್ಕೆ ಹಾನ್ ಅಂಕಲ್ ಇದ್ದರು. ಹಾನ್ ಚೀ ತ್ಯೊಂಗ್ ನಲವತ್ತು ವರ್ಷ ಹಡಗುಗಳಲ್ಲಿ ಅಡುಗೆ ಮಾಡಿ ಬಂದ ಹೈನಾನ್ ದ್ವೀಪದವರು, ಈಗ ಎಂಬತ್ತನಾಲ್ಕು. ಮೂಯಿಯ ಅಪ್ಪ ತಳ್ಳುಗಾಡಿಯಲ್ಲಿ ನೂಡಲ್ಸ್ ಮಾರುತ್ತಿದ್ದ ಕಾಲದಿಂದ ಆ ಸಾರು ಕುಡಿದವರು. ದಿನದ ಮೊದಲ ಬಟ್ಟಲು ಅವರ ಮುಂದೆ ಹೋಗುತ್ತಿತ್ತು. ಅವರ ತೀರ್ಪಿನಲ್ಲಿ ಮೂರೇ ಪದ. ಉಪ್ಪು ಹೆಚ್ಚಾದರೆ ‘ಸಮುದ್ರ’, ಕಡಿಮೆಯಾದರೆ ‘ಆಸ್ಪತ್ರೆ’, ಹದವಾಗಿದ್ದರೆ ‘ಸರಿ’.

“ಏನಂಕಲ್, ಸಮುದ್ರವೋ ಆಸ್ಪತ್ರೆಯೋ?” ಎಂದು ಅವಳು ಕೂಗಿ ಕೇಳುವಳು.

“ಮೊದಲು ಮುಖ ತೊಳ್ಕೊಂಡು ಬಾ ಮೂಯಿ, ಮೂಗಿನ ಮೇಲೆ ಮಸಿ ಹತ್ತಿದೆ. ಸಾರು ಸರಿ ಇದೆ, ಮಾಡಿದವಳೇ ಸರಿ ಇಲ್ಲ.”

“ಹಲ್ಲಿಲ್ಲದಿದ್ರೂ ಕಚ್ಚೋದು ಬಿಡಲ್ಲ ನೀವು.”

ಹತ್ತು ಗಂಟೆಯ ಸುಮಾರಿಗೆ ನನ್ನ ಕಡೆ ತಿರುಗಿ ಇನ್ನೊಂದು ಪ್ರಶ್ನೆ: “ಲಿಯೆನ್, ಬಾರ್ಲಿ ನೀರು ಎಷ್ಟು ಲೋಟ ಹೋಯ್ತು?” ಹದಿನೈದೋ ಇಪ್ಪತ್ತೋ, ನೆನಪಿಗೆ ಬಂದದ್ದು ಹೇಳುತ್ತಿದ್ದೆ. ನನ್ನ ವ್ಯಾಪಾರದ ಮೇಲೆ ಇವಳಿಗೇಕೆ ಇಷ್ಟು ಕಾಳಜಿ ಎಂದುಕೊಂಡು ಸುಮ್ಮನಾಗಿದ್ದೇನೆಯೇ ಹೊರತು ಒಮ್ಮೆಯೂ ಯೋಚಿಸಿರಲಿಲ್ಲ.

ಅವಳ ಹರಕೆಯ ಕತೆ ಎಲ್ಲರಿಗೂ ಗೊತ್ತಿದ್ದದ್ದೇ. ಹತ್ತೊಂಬತ್ತು ವರ್ಷದವಳಿದ್ದಾಗ ಅಪ್ಪ ಫೂ ತೀ ಹ್ವಾ ಜ್ವರ ಹಿಡಿದು ಮಲಗಿದ. ಹನ್ನೊಂದನೆಯ ದಿನ ವೈದ್ಯರು ಕೈಚೆಲ್ಲಿದರು. ಅಮ್ಮ ಗೋಡೆಗೆ ಒರಗಿ ಕುಳಿತಳು. ತಮ್ಮ ಸಿಯೂ ಕೊಂಗ್‌ಗೆ ಹದಿಮೂರು, ಮೂಲೆಯಲ್ಲಿ ಅಳುತ್ತಿದ್ದ. ಮೂಯಿ ಒಬ್ಬಳೇ ನಡೆದು ಹೋಗಿ ಕರುಣೆಯ ತಾಯಿ ಗ್ವಾನ್‌ಯಿನ್ ದೇವಿಯ ಮುಂದೆ ಮಂಡಿಯೂರಿ, ಅಪ್ಪ ಎದ್ದು ಕುಳಿತರೆ ಬದುಕಿರುವವರೆಗೆ ದನದ ಮಾಂಸ ಮುಟ್ಟುವುದಿಲ್ಲ ಎಂದು ಹೇಳಿ ಬಂದಳು. ನಮ್ಮ ಹೆಂಗಸರಲ್ಲಿ ಎಷ್ಟೋ ಜನ ಹೀಗೆ ಬಿಟ್ಟಿದ್ದಾರೆ. ಆದರೆ ದನದ ಮಾಂಸದ ಸಾರಿನಲ್ಲೇ ಅನ್ನ ಹುಟ್ಟುವ ಮನೆಯಲ್ಲಿ, ಆ ಸಾರೆಂದರೆ ಜೀವ ಬಿಡುತ್ತಿದ್ದ ಹುಡುಗಿ ಬಿಟ್ಟದ್ದು ಬೇರೆ. ಅಪ್ಪ ಎದ್ದು ಕುಳಿತ. ಆಮೇಲೆ ಇಪ್ಪತ್ತೇಳು ವರ್ಷ ಗಟ್ಟಿಮುಟ್ಟಾಗಿ ಬದುಕಿದ.

ಬದುಕಿದವನು ಮಾಡಿದ್ದೇನು? ಹಂಡೆಯನ್ನು ಯಾರಿಗೆ ಕಲಿಸಬೇಕೆಂಬ ಮಾತು ಬಂದಾಗ ಮಗಳ ಕಡೆ ನೋಡದೆಯೇ ಹೇಳಿದ: “ತಿನ್ನದವಳಿಗೆ ರುಚಿ ಏನು ಗೊತ್ತು? ನಾಲಿಗೆಯಿಲ್ಲದವಳ ಕೈಗೆ ಹಂಡೆ ಕೊಡೋಕಾಗುತ್ತಾ?” ಯಾರ ಪ್ರಾಣಕ್ಕಾಗಿ ಅವಳು ನಾಲಿಗೆ ಕಟ್ಟಿಕೊಂಡಳೋ ಅವನ ಬಾಯಿಂದಲೇ ಈ ಮಾತು ಬಂತು. ಹಾನ್ ಅಂಕಲ್ ಅದನ್ನು ನನಗೆ ಹೇಳಿದ ದಿನ ನಾನು ಕಾಫಿಯ ಲೋಟ ಕುಕ್ಕಿದ ಗುರುತು ಕೌಂಟರಿನ ಮೇಲೆ ಇನ್ನೂ ಇದೆ.

ಹಂಡೆ ಕೊಂಗ್‌ನ ಕೈಗೆ ಹೋಯಿತು. ಅಪ್ಪ ಮಗನಿಗೆ ಪಾಠ ಹೇಳುವಾಗ ಮಗಳು ಹಿಂದೆ ಕುಳಿತು ಹುಳಿಸಿದ ಸಾಸಿವೆ ಸೊಪ್ಪು ಹೆಚ್ಚುತ್ತಿದ್ದಳು, ಶೇಂಗಾ ಕುಟ್ಟುತ್ತಿದ್ದಳು, ಬೋಟಿ ತಿಕ್ಕುತ್ತಿದ್ದಳು. ಎರಡು ವರ್ಷ ಕಲಿತ ಕೊಂಗ್‌ಗೆ ಬೆವರು ಬೇಸರವಾಯಿತು; ಕಾರು ಮಾರುವ ಕೆಲಸಕ್ಕೆ ಹೋದ. ಅಪ್ಪನ ಬೆರಳು ಸೆಟೆದುಕೊಂಡವು. ಒಂದು ಬೆಳಿಗ್ಗೆ ಬೇರೆ ದಾರಿಯಿಲ್ಲದೆ ಸೌಟು ಇಪ್ಪತ್ತೇಳರ ಮೂಯಿಯ ಕೈಗೆ ಬಂತು. ‘ತಾತ್ಕಾಲಿಕವಾಗಿ’ ಎಂದ ಅಪ್ಪ. ಆ ತಾತ್ಕಾಲಿಕ ಮೂವತ್ತೊಂದು ವರ್ಷ ನಡೆಯಿತು. ಅಪ್ಪ ಸತ್ತಾಗ ಅಂಗಡಿಯ ಜಾಗದ ಒಪ್ಪಂದ ಮಾತ್ರ ಮಗನ ಹೆಸರಿಗೆ ತಿರುಗಿತು. ಮಗ ಅಲ್ಲವೇ? ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಏಪ್ರಿಲ್ ಮೊದಲ ವಾರ ಕೊಂಗ್ ಒಬ್ಬನನ್ನು ಕರೆತಂದ. ಪೊಟ್ಟಣದ ಸಾರು ಮಾಡಿ ಅಂಗಡಿಗಳಿಗೆ ಹಂಚುವ ಕಂಪನಿಯವನು. ಇಸ್ತ್ರಿ ಮಾಡಿದ ಅಂಗಿ, ಜೊತೆಗೆ ಕ್ಯಾಮೆರಾದವನು. ‘ಫೂ ಕುಟುಂಬದ ಹೈನಾನ್ ದನದ ಮಾಂಸದ ನೂಡಲ್ಸ್’ ಎಂಬ ಬೋರ್ಡಿನ ಹೆಸರನ್ನು ಪೊಟ್ಟಣದ ಮೇಲೆ ಹಾಕಲು ಕೊಂಗ್ ಆಗಲೇ ಒಪ್ಪಿಗೆ ಕೊಟ್ಟಿದ್ದ. ಜಾಹೀರಾತಿಗೆ ಹಂಡೆಯ ಮುಂದೆ ನಿಂತ ಮುಖವೊಂದು ಬೇಕಾಗಿತ್ತು.

“ಆಂಟಿ, ಒಂದು ಚಮಚ ಸಾರು ಕುಡೀರಿ. ಕುಡಿದು ಹೀಗೆ ಕಣ್ಣು ಮುಚ್ಚಿ. ‘ಅಪ್ಪನ ಕೈರುಚಿ’ ಅನ್ನಿ. ಅಷ್ಟೇ.”

“ನಾನು ಕುಡಿಯಲ್ಲ.”

“ಬಿಸಿ ಇದೆಯಾ? ಆರಿಸ್ಕೊಂಡು ಕುಡೀರಿ, ನಮಗೇನೂ ಅವಸರ ಇಲ್ಲ.”

“ಬಿಸಿಗಲ್ಲಪ್ಪ. ನಾನು ದನದ ಮಾಂಸ ತಿನ್ನಲ್ಲ. ದೇವಿಗೆ ಹರಕೆ.”

ಅವನು ನಕ್ಕ. ತಮಾಷೆಯಲ್ಲ ಎಂದು ತಿಳಿದ ಮೇಲೆ ಅತ್ತಿತ್ತ ನೋಡಿ ಕೇಳಿದ: “ಹಾಗಾದ್ರೆ ಇದನ್ನ ಮಾಡೋದು ಯಾರು?”

ಸೌಟು ಅವಳ ಕೈಯಲ್ಲಿತ್ತು. ಹಬೆಗೆ ಅವಳ ಕೂದಲು ಹಣೆಗಂಟಿತ್ತು. ಮುಂಗೈಯ ತುಂಬ ಸುಟ್ಟ ಕಲೆಗಳು. ಇಷ್ಟನ್ನು ಎದುರಿಗಿಟ್ಟುಕೊಂಡು ಒಬ್ಬ ಮನುಷ್ಯ ಆ ಪ್ರಶ್ನೆ ಕೇಳಬಲ್ಲನೆಂದು ನಾನು ಊಹಿಸಿರಲಿಲ್ಲ.

ಕೊಂಗ್ ಅವಳ ಪಕ್ಕಕ್ಕೆ ಬಂದು ದನಿ ತಗ್ಗಿಸಿದ. “ಜೆ,” ಎಂದ; ಅಕ್ಕನನ್ನು ಅವನು ಕರೆಯುತ್ತಿದ್ದದ್ದು ಹಾಗೆ. “ಒಂದೇ ಒಂದು ಚಮಚ. ಬಾಯಲ್ಲಿಟ್ಕೊ, ಆಮೇಲೆ ಉಗುಳು. ಅಷ್ಟರಲ್ಲಿ ಅವನು ಕ್ಯಾಮೆರಾ ನಿಲ್ಲಿಸ್ತಾನೆ.”

“ಅಪ್ಪನ ಹೆಸರನ್ನ ಬಾಯಲ್ಲಿಟ್ಕೊಂಡು ಉಗುಳೋದು ನಿನಗೆ ಅಭ್ಯಾಸ ಇರಬಹುದು ಕೊಂಗ್. ನನಗಿಲ್ಲ.”

ಮೂರನೆಯ ದಿನ ಕಂಪನಿಯ ಮಾತು ಬಂತು. ತಾನು ಮಾಡಿದ್ದನ್ನು ತಾನೇ ತಿನ್ನದ ಹೆಂಗಸು ಹಂಡೆಯ ಮುಂದೆ ನಿಂತರೆ ಗಿರಾಕಿಗಳಿಗೆ ಏನೆನ್ನಿಸುತ್ತದೆ? ಕೊಂಗ್ ಬಿಳಿ ಏಪ್ರನ್ ತೊಟ್ಟು ಮುಂದೆ ನಿಲ್ಲಬೇಕು; ಸಾರು ಕಂಪನಿಯ ಅಡುಗೆಮನೆಯಿಂದ ಬರುತ್ತದೆ; ಅಕ್ಕ ಬೇಕಾದರೆ ಹಿಂದೆ ಇರಬಹುದು.

“ಹಿಂದೆ ಕೂತ್ಕೊಂಡು ಸೊಪ್ಪು ಹೆಚ್ಚು ಜೆ. ಕೆಲಸವಂತೂ ಹೋಗಲ್ಲ, ಆರಾಮಾಗಿರ್ತೀಯ” ಎಂದ ಕೊಂಗ್. ಅವನ ದನಿಯಲ್ಲಿ ನಿಜವಾಗಿಯೂ ಉಪಕಾರದ ಭಾವವಿತ್ತು. ನನ್ನ ಮೈ ಉರಿದದ್ದು ಅದಕ್ಕೆ.

ಮೂಯಿ ಒಪ್ಪಲಿಲ್ಲ. ಒಪ್ಪದಿರಲು ಅವಳ ಕೈಯಲ್ಲಿ ಕಾಗದವೊಂದೂ ಇರಲಿಲ್ಲ. ಜಾಗದ ಒಪ್ಪಂದ ತಿಂಗಳ ಕೊನೆಗೆ ಮುಗಿಯುವುದಿತ್ತು. ಹೊಸದನ್ನು ಯಾರ ಹೆಸರಿಗೆ ಬರೆಯಬೇಕೆಂಬುದು ಕಾಫಿ ಅಂಗಡಿಯ ಟೌಕೆ, ಅಂದರೆ ಮಾಲೀಕ, ಪಾಂಗ್ ಕೈಯಲ್ಲಿತ್ತು. ಟೌಕೆ ಪಾಂಗ್ ಜಗಳವೆಂದರೆ ಹೊಟ್ಟೆನೋವು ಬರುವ ಮನುಷ್ಯ. ತಾನೇ ತೀರ್ಮಾನಿಸಿ ಕೆಟ್ಟವನಾಗಲು ಅವನಿಗೆ ಇಷ್ಟವಿರಲಿಲ್ಲ. ಹಾಗಾಗಿ ಒಂದು ಪಂಚಾಯ್ತಿ ಹೂಡಿದ. ಭಾನುವಾರ ಹತ್ತು ಗಂಟೆಗೆ ಎರಡು ಬಟ್ಟಲು ಸಾರು, ಒಂದು ಅಕ್ಕನದು, ಒಂದು ತಮ್ಮ ತಂದದ್ದು. ಮುದುಕ ಫೂನ ಸಾರನ್ನು ತಳ್ಳುಗಾಡಿಯ ಕಾಲದಿಂದ ಬಲ್ಲ ನಾಲಿಗೆ ಊರಲ್ಲಿ ಒಂದೇ ಉಳಿದಿದೆ. ಹಾನ್ ಅಂಕಲ್ ಯಾವುದನ್ನು ಫೂನ ಸಾರು ಎನ್ನುತ್ತಾರೋ ಅದನ್ನು ತಂದವರಿಗೆ ಜಾಗ.

ಮೂಯಿ ತಕ್ಷಣ ಒಪ್ಪಿದಳು. ಕೊಂಗ್ ಸ್ವಲ್ಪ ಯೋಚಿಸಿ ಒಪ್ಪಿದ. ಹಾನ್ ಅಂಕಲ್ ಮಾತ್ರ “ನನ್ನನ್ಯಾಕೆ ಎಳೀತೀರಿ, ನನಗೆ ವಯಸ್ಸಾಯ್ತು” ಎಂದು ಗೊಣಗಿದರು. ವಿನಯವೆಂದು ಎಲ್ಲರೂ ನಕ್ಕೆವು.

ಭಾನುವಾರ ಅಂಗಡಿ ತುಂಬಿತ್ತು. ಕೊಂಗ್ ದೊಡ್ಡ ಫ್ಲಾಸ್ಕಿನಲ್ಲಿ ಕಂಪನಿಯ ಸಾರು ತಂದಿದ್ದ. ಏಪ್ರನ್ ಆಗಲೇ ತೊಟ್ಟಿದ್ದ. ಬಟ್ಟಲುಗಳನ್ನು ಹಿಂದಿನ ಕೋಣೆಯಲ್ಲಿ ತುಂಬಿಸಿ ತರುವ ಕೆಲಸ ನನಗೆ ಬಿತ್ತು. ಯಾವುದು ಯಾರದೆಂದು ಬಲ್ಲವಳು ನಾನೊಬ್ಬಳೇ. ಹಾನ್ ಅಂಕಲ್‌ಗೆ ಕಣ್ಸನ್ನೆ ಮಾಡಬಹುದಿತ್ತು, ಹೆಬ್ಬೆರಳಿನಿಂದ ಒಂದು ಬಟ್ಟಲನ್ನು ತುಸು ಮುಂದೆ ತಳ್ಳಬಹುದಿತ್ತು. ಮಾಡಲಿಲ್ಲ. ಅಂದಿನ ನನ್ನ ಪ್ರಾಮಾಣಿಕತೆಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆ ಅಂಗಡಿಯಲ್ಲಿ ಅಂದು ಪ್ರಾಮಾಣಿಕವಾಗಿರಬೇಕೆಂದು ಬೇರೆ ಯಾರಿಗೂ ಅನ್ನಿಸಿರಲಿಲ್ಲ.

ಹಾನ್ ಅಂಕಲ್ ಎಡಗಡೆಯದರಿಂದ ಮೂರು ಚಮಚ ಕುಡಿದರು, ಬಲಗಡೆಯದರಿಂದ ಮೂರು. ಮತ್ತೆ ಎಡಗಡೆಯದಕ್ಕೆ ಹೋದರು. ಚಮಚ ಬಟ್ಟಲಿನ ಅಂಚಿಗೆ ತಾಗಿ ಸದ್ದಾಯಿತು.

“ಹೇಳಿ ಅಂಕಲ್, ಯಾವುದು ಫೂನದು?” ಎಂದ ಟೌಕೆ ಪಾಂಗ್.

“ಗೊತ್ತಾಗ್ತಿಲ್ಲ.”

“ಇನ್ನೊಂದು ಚಮಚ ತಗೊಳ್ಳಿ, ನಿಧಾನವಾಗಿ.”

“ಇಡೀ ಹಂಡೆ ಕುಡಿದ್ರೂ ಗೊತ್ತಾಗಲ್ಲ ಕಣಯ್ಯ.” ಅವರು ಚಮಚ ಕೆಳಗಿಟ್ಟರು. “ಎರಡು ವರ್ಷದ ಹಿಂದೆ ಆಸ್ಪತ್ರೇಲಿ ಮಲಗಿದ್ನಲ್ಲ, ಆವಾಗಲೇ ನಾಲಿಗೆ ಹೋಯ್ತು. ಮೂಗೂ ಹೋಯ್ತು. ಬಿಸಿ ತಿಳಿಯುತ್ತೆ, ತಣ್ಣಗಿದ್ರೆ ತಿಳಿಯುತ್ತೆ. ಬೇರೆ ಏನೂ ತಿಳಿಯಲ್ಲ.”

ಮೂಯಿ ಒಲೆ ಬಿಟ್ಟು ಅವರ ಮೇಜಿನ ಕಡೆಗೆ ಬಂದು ನಿಂತಳು.

“ಮತ್ತೆ ದಿನಾ ಬೆಳಿಗ್ಗೆ ಸರಿ ಸರಿ ಅಂತಿದ್ರಲ್ಲ?”

“ನಿನ್ನ ಮುಖ ನೋಡಿ ಹೇಳ್ತಿದ್ದೆ. ಹಬೆಯಿಂದ ತಲೆ ಎತ್ತೋ ಹೊತ್ತಿಗೇ ನಿನಗೆ ಗೊತ್ತಿರ್ತಿತ್ತು, ಮೂಯಿ.”

“ಹೊಸ ವರ್ಷದ ವಾರ ಸಮುದ್ರ ಅಂದ್ರಿ. ನಿಮ್ಮ ಮಾತು ಕೇಳಿ ಅರ್ಧ ಬಕೆಟ್ ನೀರು ಹಾಕ್ದೆ. ಆವತ್ತು ಬಟ್ಟಲಲ್ಲೆಲ್ಲ ಅರ್ಧರ್ಧ ಸಾರು ವಾಪಸ್ ಬಂತು. ಲಿಯೆನ್ ಹತ್ರ ಬಾರ್ಲಿ ನೀರು ಕೇಳೋರೇ ಇರ್ಲಿಲ್ಲ. ಮತ್ತೆ ನಾನೇ ಉಪ್ಪು ಹಾಕಿ ಸರಿಮಾಡ್ದೆ. ನನ್ನ ಕೈ ಕೆಟ್ಟೋಯ್ತು ಅಂತ ಎರಡು ದಿನ ಊಟ ಸೇರ್ಲಿಲ್ಲ ನನಗೆ!”

“ಯಾವಾಗ್ಲೂ ಸರಿ ಅಂದ್ರೆ ನಿನಗೆ ಅನುಮಾನ ಬರುತ್ತೆ ಅಂತ ಒಂದ್ಸಲ...” ಮುದುಕರ ದನಿ ಸಣ್ಣದಾಯಿತು. “ನಿಜ ಹೇಳಿದ್ರೆ ಬೇರೆ ನಾಲಿಗೆ ಹುಡುಕ್ತಿದ್ದೆ ನೀನು. ಬೆಳಿಗ್ಗೆ ಎದ್ದು ಹೋಗೋಕೆ ನನಗಿದ್ದ ಜಾಗ ಇದೊಂದೇ.”

ಆಗ ಕೊಂಗ್ ನಕ್ಕ. ಕಾರು ಮಾರುವವರು ಗಿರಾಕಿ ಸಿಕ್ಕಿಬಿದ್ದಾಗ ನಗುವ ನಗು. “ಕೇಳಿದ್ರಾ ಟೌಕೆ? ಮಾಡೋಳು ತಿನ್ನಲ್ಲ, ನೋಡೋನಿಗೆ ನಾಲಿಗೆ ಇಲ್ಲ. ಎರಡು ವರ್ಷದಿಂದ ಈ ಹಂಡೆಯ ಸಾರನ್ನ ರುಚಿ ನೋಡಿದವರೇ ಇಲ್ಲ!”

ನನಗೆ ಬಾರ್ಲಿ ನೀರಿನ ಪ್ರಶ್ನೆ ಅರ್ಥವಾದದ್ದು ಆ ಕ್ಷಣದಲ್ಲಿ. ಸಾರಿನಲ್ಲಿ ಉಪ್ಪು ಹೆಚ್ಚಾದರೆ ಜನ ನನ್ನ ಹತ್ತಿರ ಬಾಯಾರಿ ಬರುತ್ತಾರೆ. ಕಡಿಮೆಯಾದರೆ ಬಟ್ಟಲಿನಲ್ಲಿ ಬಿಟ್ಟು ಹೋಗುತ್ತಾರೆ. ಇಡೀ ಅಂಗಡಿಯನ್ನು ಅವಳು ತನ್ನ ನಾಲಿಗೆಯಾಗಿ ಮಾಡಿಕೊಂಡಿದ್ದಳು, ನನ್ನ ಲೋಟಗಳನ್ನೂ ಸೇರಿಸಿ. ನಾನು ಕೌಂಟರು ಬಿಟ್ಟು ಹೊರಗೆ ಬಂದೆ.

“ರುಚಿ ನೋಡಿದವರಿಲ್ಲವಾ? ಪ್ರತಿ ಭಾನುವಾರ ನೀನು ಬಂದು ಒಂದು ಬಟ್ಟಲು ತಿಂದು ಎರಡು ಬಟ್ಟಲು ಮನೆಗೆ ಕಟ್ಟಿಸ್ಕೊಂಡು ಹೋಗ್ತಿದ್ಯಲ್ಲ ಕೊಂಗ್, ಅದು ಯಾವ ನಾಲಿಗೆ? ಈ ಎರಡು ವರ್ಷದಲ್ಲಿ ಒಂದು ದಿನ ಚೆನ್ನಾಗಿಲ್ಲ ಅಂದ್ಯಾ? ಅಂದಿದ್ರೆ ಹೇಳು, ಇವರೆಲ್ಲರ ಮುಂದೆ ಹೇಳು!”

ಅವನು ಏಪ್ರನ್‌ನ ದಾರ ಸರಿಮಾಡಿಕೊಂಡ.

“ಎಡಗಡೇದು ಇವನದು” ಎಂದಳು ಮೂಯಿ, ಎಲ್ಲರೂ ಅವಳ ಕಡೆ ತಿರುಗುವಂತೆ. ಮೇಜಿನಿಂದ ಎರಡು ಮಾರು ದೂರ ನಿಂತಿದ್ದಳು. “ಅದರ ಮೇಲೆ ಆಗಲೇ ಕೆನೆ ಕಟ್ಟಿದೆ ನೋಡಿ. ಗೆಣಸಿನ ಹಿಟ್ಟಲ್ಲ, ಬೇರೇನೋ ಹಾಕಿದಾರೆ. ನನ್ನದು ಅರ್ಧ ಗಂಟೆ ಕೂತ್ರೂ ಕಟ್ಟಲ್ಲ. ಶುಂಠಿಯನ್ನ ಸಿಪ್ಪೆ ತೆಗೆದು ಹಾಕಿದಾರೆ, ವಾಸನೆ ಇಲ್ಲೀತನಕ ಬಂದಿಲ್ಲ. ಲಿಯೆನ್, ಹೌದೋ ಅಲ್ವೋ?”

“ಹೌದು” ಎಂದೆ. “ಎಡಗಡೇದು ಕಂಪನೀದು.”

ಸಾಲಿನಲ್ಲಿದ್ದ ಯಾರೋ ಚಪ್ಪಾಳೆ ತಟ್ಟಿದರು. ಟೌಕೆ ಪಾಂಗ್ ಕೈ ಎತ್ತಿ ತಡೆದ. “ಹಾಗಲ್ಲ, ಹಾಗಲ್ಲ. ಕಣ್ಣಿಂದ ಹೇಳಿದ್ದು ಲೆಕ್ಕಕ್ಕೆ ಬರಲ್ಲ. ಮಾತಾಗಿದ್ದು ರುಚಿಯ ಬಗ್ಗೆ.”

ಒಲೆಯ ಮುಂದೆ ಒಂದು ದಿನವೂ ನಿಲ್ಲದ ಮನುಷ್ಯ, ಮೂವತ್ತೊಂದು ವರ್ಷ ನಿಂತವಳಿಗೆ ಅಡುಗೆಯನ್ನು ಯಾವ ಅಂಗದಿಂದ ಬಲ್ಲಳಾಗಬೇಕೆಂದು ವಿಧಿಸಿದ. ತಪ್ಪು ಹೇಳಿದ್ದರೆ ಅದನ್ನೇ ಹಿಡಿದು ಹೊರಗೆ ಹಾಕುತ್ತಿದ್ದರು. ಸರಿ ಹೇಳಿದ್ದಕ್ಕೆ ಲೆಕ್ಕಕ್ಕೆ ಬರುವುದಿಲ್ಲ ಎಂದರು.

ಟೌಕೆಗೂ ಅದು ಸ್ವಲ್ಪ ಚುಚ್ಚಿತೇನೋ. ಬಲಗಡೆಯ ಬಟ್ಟಲನ್ನು ಅವಳ ಕಡೆ ಸರಿಸಿದ. “ಒಂದು ಕೆಲಸ ಮಾಡು ಮೂಯಿ. ಎರಡರಿಂದಲೂ ಒಂದೊಂದು ಚಮಚ ಕುಡಿ. ಕುಡಿದು, ನನಗೆ ರುಚಿ ಗೊತ್ತು ಅನ್ನು. ಜಾಗ ನಿನ್ನ ಹೆ‌ಸರಿಗೆ ಬರೀತೀನಿ, ಇವತ್ತೇ. ನಿಮ್ಮಪ್ಪ ಹೋಗಿ ಹನ್ನೆರಡು ವರ್ಷ ಆಯ್ತು. ಯಾರಿಗೋಸ್ಕರ ಇನ್ನೂ ಹರಕೆ? ದೇವಿ ಅಷ್ಟು ಕಟುಕಳಲ್ಲ.”

“ಕುಡಿ ಆಂಟಿ” ಎಂದಿತು ಸಾಲು. “ಒಂದೇ ಚಮಚ.” ಹಾನ್ ಅಂಕಲ್ ಕೂಡ ತಲೆಯಾಡಿಸಿದರು. ನಾನೂ, ಹೇಳಲು ನಾಚಿಕೆಯಾಗುತ್ತದೆ, ಮನಸ್ಸಿನಲ್ಲಿ ‘ಕುಡಿ’ ಎಂದೆ.

ಅವಳು ಚಮಚ ಕೈಗೆತ್ತಿಕೊಂಡಳು. ಸಾರಿನಲ್ಲಿ ಅದ್ದಿದಳು. ತನ್ನದೇ ಸಾರು. ಮೂವತ್ತೊಂಬತ್ತು ವರ್ಷಗಳ ಹಿಂದೆ ಅವಳಿಗೆ ತುಂಬ ಇಷ್ಟವಾಗಿದ್ದದ್ದು. ಚಮಚವನ್ನು ಮುಖದ ಎತ್ತರಕ್ಕೆ ತಂದು ಹಬೆ ನೋಡಿದಳು. ಆಮೇಲೆ ಮೆಲ್ಲಗೆ, ಒಂದು ಹನಿಯೂ ಚೆಲ್ಲದಂತೆ, ಬಟ್ಟಲಿಗೆ ಬಾಗಿಸಿದಳು.

“ಟೌಕೆ, ಅಪ್ಪ ಬದುಕಿದ್ದು ಸುಳ್ಳಾ? ದೇವಿ ಹತ್ರ ಇಪ್ಪತ್ತೇಳು ವರ್ಷ ತಗೊಂಡಾಯ್ತು. ತಗೊಂಡ ಮೇಲೆ ಕೊಟ್ಟಿದ್ದನ್ನ ವಾಪಸ್ ಕೇಳೋಳಲ್ಲ ನಾನು. ಅದೂ ಇದಕ್ಕೋಸ್ಕರ, ನನಗೆ ಗೊತ್ತಿರೋದು ನನಗೆ ಗೊತ್ತು ಅಂತ ನಿಮಗೆ ತೋರಿಸೋಕೋಸ್ಕರ?”

“ಹಾಗಾದ್ರೆ ನನ್ನ ಕೈಯಲ್ಲಿ ಏನೂ ಇಲ್ಲ” ಎಂದ ಟೌಕೆ, ಎಲ್ಲವೂ ಅವನ ಕೈಯಲ್ಲೇ ಇದ್ದಾಗ. “ಒಪ್ಪಂದ ಮೊದಲಿಂದಲೂ ಕೊಂಗ್ ಹೆಸರಲ್ಲಿದೆ. ಹಾಗೇ ಮುಂದುವರೀಲಿ.”

ಕೊಂಗ್ ಒಲೆಯ ಕಡೆ ಹೆಜ್ಜೆಯಿಟ್ಟ. ಅವಳು ಅಡ್ಡ ನಿಂತಳು.

“ಬೋರ್ಡು ನಿಂದು, ಜಾಗ ನಿಂದು. ತಗೊ. ಹಂಡೆ ಅಪ್ಪನದಲ್ಲ, ಅಪ್ಪನದು ತೂತಾಗಿ ಹೋಯ್ತು. ಇದು ನಾನು ತಂದಿದ್ದು. ಇದರಲ್ಲಿ ಇನ್ನೂ ಸಾರಿದೆ, ಮುಂದೆ ಜನ ನಿಂತಿದಾರೆ. ಅವರನ್ನ ಕಳಿಸೋವರೆಗೂ ಆ ಏಪ್ರನ್ ತಗೊಂಡು ಆ ಕಡೆ ಕೂತಿರು.”

ಸಾಲಿನ ಮೊದಲಿನಲ್ಲಿದ್ದ ಟ್ಯಾಕ್ಸಿ ಚಾಲಕ ಅಳುಕುತ್ತ ಕೇಳಿದ, “ಆಂಟಿ, ನನಗೆ ಒಣ ನೂಡಲ್ಸು... ಸಿಗುತ್ತಾ?”

“ಬೋಟಿ ಹಾಕ್ಲಾ ಬೇಡ್ವಾ, ಅದು ಹೇಳು ಮೊದಲು.”

ಹನ್ನೊಂದೂವರೆಯವರೆಗೆ ಅವಳು ಬಡಿಸಿದಳು. ಕೊಂಗ್ ಏಪ್ರನ್ ತೊಟ್ಟು ಮೂಲೆಯ ಕುರ್ಚಿಯಲ್ಲಿ ಕುಳಿತೇ ಇದ್ದ. ಹಾನ್ ಅಂಕಲ್ ಎರಡು ಸಲ ಏಳಲು ನೋಡಿ ಕುಳಿತರು. ಅವಳು ಅವರ ಮೇಜಿಗೆ ಬೆನ್ನು ಹಾಕಿಯೇ ಬಡಿಸುತ್ತಿದ್ದಳು. ತಳ ಕಂಡ ಮೇಲೆ ಹಂಡೆ ತೊಳೆದು, ನಾನೊಂದು ಕಡೆ ಅವಳೊಂದು ಕಡೆ ಹಿಡಿದು ಹೊರಗೆ ತಂದೆವು. ಬಾಗಿಲಲ್ಲಿ ಮುದುಕರು ಕೋಲೂರಿ ನಿಂತಿದ್ದರು. ಅವಳು ಅವರನ್ನು ದಾಟಿ ನಾಲ್ಕು ಹೆಜ್ಜೆ ಹೋಗಿ ನಿಂತಳು.

“ಏನು ನೋಡ್ತಾ ನಿಂತಿದೀರಿ? ಮುಚ್ಚಳ ಹಿಡ್ಕೊಳ್ಳೋಕೆ ನಾಲಿಗೆ ಬೇಕಾ?”

ಅವರು ಮುಚ್ಚಳವನ್ನು ಎದೆಗವಚಿಕೊಂಡು ಹಿಂದೆ ಬಂದರು.

ಈಗ ಆ ಅಂಗಡಿಯಲ್ಲಿ ಕಂಪನಿಯ ಸಾರು ನಡೆಯುತ್ತಿದೆ. ಗೋಡೆಯ ಮೇಲಿನ ಚರಿತ್ರೆಯಲ್ಲಿ ಮುದುಕ ಫೂನ ತಳ್ಳುಗಾಡಿಯಿದೆ, ಅಲ್ಲಿಂದ ನೇರವಾಗಿ ಮಗ ಕೊಂಗ್‌ನ ಬಿಳಿ ಏಪ್ರನ್ ಇದೆ. ನಡುವಿನ ಮೂವತ್ತೊಂದು ವರ್ಷಗಳಿಗೆ ‘ಪರಂಪರೆ ಮುಂದುವರಿಯಿತು’ ಎಂಬ ಒಂದು ಸಾಲು. ಯಾರು ಮುಂದುವರಿಸಿದರು? ಆ ವಾಕ್ಯಕ್ಕೆ ಕರ್ತೃವಿಲ್ಲ. ನಾನು ಬರುವ ತಿಂಗಳು ಆ ಕೌಂಟರು ಬಿಡುತ್ತಿದ್ದೇನೆ. ಟೌಕೆ ಪಾಂಗ್‌ಗೆ ಹೇಳಿಯಾಗಿದೆ.

ಮೇ ಎರಡನೆಯ ವಾರ ಮೂಯಿಯೊಂದಿಗೆ ವಾಂಪೋ ಕಡೆಯ ಇನ್ನೊಂದು ಕಾಫಿ ಅಂಗಡಿಗೆ ಹೋದೆ. ಅಲ್ಲಿ ಮೂಲೆಯ ಜಾಗವೊಂದು ಖಾಲಿಯಿತ್ತು. ವ್ಯವಸ್ಥಾಪಕ ಚುರುಕಾದ ಹುಡುಗ. ಇಂಗ್ಲಿಷ್ ಅರ್ಜಿಯೊಂದನ್ನು ಮುಂದಿಟ್ಟ. ಅವಳಿಗೆ ಓದಲು ಬಾರದು, ನಾನು ತುಂಬಿಸಿದೆ. ವಯಸ್ಸು ಐವತ್ತೆಂಟು. ಅನುಭವ ಮೂವತ್ತೊಂದು ವರ್ಷ.

“ಹಿಂದಿನ ಜಾಗದ ಒಪ್ಪಂದ ತಂದಿದೀರಾ?”

“ಅದು ತಮ್ಮನ ಹೆಸರಲ್ಲಿತ್ತು” ಎಂದೆ.

“ಇವರ ಹೆಸರಲ್ಲಿ ಏನಾದ್ರೂ ಇದೆಯಾ? ಒಂದು ರಸೀದಿ, ಒಂದು ಪರವಾನಗಿ, ಏನಾದ್ರೂ?”

ಇರಲಿಲ್ಲ. ಹುಡುಗ ಕೆಟ್ಟವನಲ್ಲ, ಕ್ಷಮೆ ಕೇಳುವವನಂತೆಯೇ ನನ್ನ ಮೂವತ್ತೊಂದರ ಮೇಲೆ ಗೀಟೆಳೆದು ಪಕ್ಕದಲ್ಲಿ ‘ಹೊಸಬರು’ ಎಂದು ಬರೆದ. ಹೊಸಬರಿಗೆ ಮೂರು ತಿಂಗಳು ಪರೀಕ್ಷೆಯ ಅವಧಿಯಂತೆ. ನನಗೆ ರಕ್ತ ತಲೆಗೇರಿತು.

“ಹೊಸಬರಾ? ಇವಳ ಮುಂಗೈ ನೋಡಪ್ಪ ನೀನು! ನೀನು ಹುಟ್ಟೋಕೆ ಮುಂಚಿನ ಸುಟ್ಟ ಗಾಯ ಇದೆ ಅದರ ಮೇಲೆ! ಯಾವ ರಸೀದಿ ಬೇಕು ನಿನಗೆ?”

“ಬಿಡು ಲಿಯೆನ್” ಎಂದಳು ಮೂಯಿ. “ಹೊಸಬಳು ಅಂತಾನೇ ಬರೀಲಿ. ಸೋಮವಾರದೊಳಗೆ ಗ್ಯಾಸ್ ಬರುತ್ತಾ ಅಂತ ಕೇಳು.”

ಬರುತ್ತದೆ ಎಂದ ಹುಡುಗ. ಕೊನೆಯ ಖಾನೆಗೆ ಬೆರಳಿಟ್ಟ. “ಬೋರ್ಡಿನ ಮೇಲೆ ಏನು ಹೆಸರು ಹಾಕಬೇಕು ಆಂಟಿ?”

ಅವಳನ್ನು ಈವರೆಗೆ ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ಖಾಲಿ ಜಾಗದ ಕಡೆಗೊಮ್ಮೆ, ಒಲೆಯಿಡುವ ಕಟ್ಟೆಯ ಕಡೆಗೊಮ್ಮೆ ನೋಡಿದಳು.

“ನಂದೇ ಹಾಕಿ” ಎಂದಳು. “ಫೂ ಅಂತ ಮಾತ್ರ ಅಲ್ಲ. ಪೂರ್ತಿ.”

ನಾನು ಬರೆದೆ. ಸಿಟ್ಟಿನಲ್ಲಿ ಪೆನ್ನನ್ನು ಎಷ್ಟು ಒತ್ತಿದ್ದೆನೆಂದರೆ, ಹುಡುಗ ಅರ್ಜಿಯನ್ನು ಹರಿದುಕೊಂಡ ಮೇಲೆ ಕೆಳಗಿನ ಖಾಲಿ ಹಾಳೆಯ ಮೇಲೂ ಫೂ ಮೂಯಿ ಹಿಯಾಂಗ್ ಎಂಬ ಮೂರು ಪದಗಳ ಅಚ್ಚು ಸ್ಪಷ್ಟವಾಗಿ ಉಳಿದಿತ್ತು.